ಧಣಿಯ ಅಟ್ಟ, ಬಡವರ ಅಟ್ಟ

ಸೋಮವಾರ, ಎಡಿನ್‌ಬರೊ

ವೇವರ್ಲಿ ರೈಲು ನಿಲ್ದಾಣದ ಮೆಟ್ಟಿಲು ಹತ್ತಿ ಪ್ರಿನ್ಸಸ್ ಬೀದಿಗೆ ಬಂದರೆ ಕುದುರೆಯೇರಿದ ವೆಲಿಂಗ್ಟನ್ನನ ಪ್ರತಿಮೆ ಕಾಣುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಅದೇ ಆರ್ಥರ್ ವೆಲ್ಲೆಸ್ಲಿ. ಅವನ ಬೆನ್ನ ಹಿಂದಿನ ಕಟ್ಟಡವೇ ರಾಬರ್ಟ್ ಆಡಂ ವಿನ್ಯಾಸ ಮಾಡಿದ ಜನರಲ್ ರಿಜಿಸ್ಟರ್ ಹೌಸ್, ಸ್ಕಾಟ್ಲೆಂಡಿನ ಹಳೆಯ ದಫ್ತರಖಾನೆ. ಊರಿಗೆ ಬಂದವರೆಲ್ಲ ಕೋಟೆಯ ಕಡೆಗೆ ಹೊರಟರೆ ನಾನು ದಫ್ತರದ ಕಡೆಗೆ ಹೊರಟೆ. ಕಂದಾಯ ಇಲಾಖೆಯಲ್ಲಿ ಆಯುಷ್ಯ ಕಳೆದವನ ಕಾಲು ಅತ್ತಲೇ ಎಳೆಯುತ್ತದೆ.

ನನಗೆ ಬೇಕಾಗಿದ್ದು ಹೆರಿಟರ್‌ಗಳ ಕಡತ. ಸ್ಕಾಟ್ಲೆಂಡಿನ ಹಳೆಯ ಗ್ರಾಮಜೀವನ ನಡೆಯುತ್ತಿದ್ದುದು ಪ್ಯಾರಿಷ್ ಎಂಬ ಚೌಕಟ್ಟಿನೊಳಗೆ. ಒಂದು ಚರ್ಚು, ಒಬ್ಬ ಪಾದ್ರಿ, ಒಂದು ಶಾಲೆ, ಬಡವರದೊಂದು ಪಟ್ಟಿ. ಇಷ್ಟಕ್ಕೂ ಹಣ ಹೊಂದಿಸಬೇಕಾದವರು ಆ ಪ್ಯಾರಿಷ್‌ನಲ್ಲಿ ಜಮೀನಿದ್ದ ಧಣಿಗಳು. ಕಾನೂನು ಅವರನ್ನು ಹೆರಿಟರ್‌ಗಳೆಂದು ಕರೆಯಿತು, ಜನ ಲೇರ್ಡ್ ಎಂದರು. ಚರ್ಚಿನ ಮಾಡು ಸೋರಿದರೆ, ಪಾದ್ರಿಯ ಮನೆಯ ಗೋಡೆ ಬಿರುಕು ಬಿಟ್ಟರೆ, ಮೇಷ್ಟ್ರ ಸಂಬಳ ಬಾಕಿ ಉಳಿದರೆ ಅವರ ಮನೆ ಬಾಗಿಲನ್ನೇ ತಟ್ಟಬೇಕು. ಯಾರ ಪಾಲೆಷ್ಟು ಎಂಬುದನ್ನು ಹದಿನೇಳನೆಯ ಶತಮಾನದಲ್ಲಿ ಜಮೀನಿಗೆ ಕಟ್ಟಿದ್ದ ಕಂದಾಯದ ಲೆಕ್ಕದ ಮೇಲೆ ಹಂಚುತ್ತಿದ್ದರು. ಮನಸ್ಸು ಬಂದರೆ ಕೊಡುವ, ಬಾರದಿದ್ದರೆ ಬಿಡುವ ದಾನದ ಮಾತಲ್ಲ ಇದು. ಜಮೀನು ಕೊಂಡವನಿಗೆ ಅದರ ಜೊತೆಗೇ ಅಂಟಿಕೊಂಡು ಬರುವ ಹೊಣೆ.

ಕಾನೂನು ಎಷ್ಟು ಸೂಕ್ಷ್ಮವಾಗಿತ್ತೆಂದರೆ ಪಾದ್ರಿಯ ಹಸುಗಳನ್ನೂ ಎಣಿಸಿತ್ತು! ದೇವಸ್ಥಾನದ ಅರ್ಚಕರಿಗೆ ಉಂಬಳಿ ಬಿಟ್ಟಂತೆ ಪಾದ್ರಿಗೆ ಕನಿಷ್ಠ ನಾಲ್ಕು ಎಕರೆ ಉಳುವ ಭೂಮಿ. ಅದರ ಮೇಲೆ ಒಂದು ಕುದುರೆ, ಎರಡು ಹಸುಗಳಿಗೆ ಸಾಲುವಷ್ಟು ಹುಲ್ಲುಗಾವಲು. ಮನೆಗೆ ಹೆರಿಟರ್‌ಗಳು ಖರ್ಚು ಮಾಡಬೇಕಾದದ್ದು ಅಲ್ಲಿನ ಹಳೆಯ ನಾಣ್ಯದಲ್ಲಿ 500 ಮರ್ಕ್‌ಗೆ ಕಡಿಮೆಯಿಲ್ಲದಂತೆ, ಸಾವಿರ ಸ್ಕಾಟ್ ಪೌಂಡ್ ಮೀರದಂತೆ ಎಂದು 1663ರ ಕಾಯ್ದೆ ಹೇಳಿತು. ಸಂಬಳ ಬರುತ್ತಿದ್ದುದು ಬೆಳೆಯ ದಶಮಾಂಶದಿಂದ. ಅದನ್ನು ಓಟ್ಸ್ ಹಿಟ್ಟು ಮತ್ತು ಬಾರ್ಲಿಯ ಅಳತೆಯಲ್ಲಿ ಲೆಕ್ಕ ಹಾಕಿ, ಜಿಲ್ಲೆಯ ಶೆರಿಫ್ ವರ್ಷಕ್ಕೊಮ್ಮೆ ಗೊತ್ತುಮಾಡುವ ಧಾರಣೆಯಲ್ಲಿ ಹಣವಾಗಿ ಪರಿವರ್ತಿಸುತ್ತಿದ್ದರು.

ಕಡತ ಓದುತ್ತ ಹೋದರೆ ಸ್ಲೇಟು ಕಲ್ಲು, ಸುಣ್ಣ, ತೊಲೆ, ಗಾರೆ ಕೆಲಸದವನ ಕೂಲಿ. ಸಭೆ ಕರೆಯುವುದು ಪಾದ್ರಿ, ಅದೂ ಪೀಠದ ಮೇಲಿನಿಂದ ಸಾರಿ. ಬಹಳಷ್ಟು ಧಣಿಗಳು ಬರುವುದಿಲ್ಲ, ತಮ್ಮ ಪಾರುಪತ್ಯಗಾರರನ್ನು ಕಳಿಸುತ್ತಾರೆ. ಪಾದ್ರಿ ಹೊಸ ಮನೆ ಕೇಳುತ್ತಾನೆ, ಅವರು ತೇಪೆ ಸಾಕು ಎನ್ನುತ್ತಾರೆ. ಪಾದ್ರಿ ಮೇಲಿನ ಪ್ರೆಸ್ಬಿಟರಿಗೆ, ಅಂದರೆ ಸುತ್ತಲಿನ ಪ್ಯಾರಿಷ್ ಚರ್ಚುಗಳ ಮೇಲ್ಸಭೆಗೆ, ದೂರು ಒಯ್ಯುತ್ತಾನೆ. ಹೊಣೆಯನ್ನು ಒಪ್ಪಿಕೊಂಡೂ ಅದನ್ನು ಆದಷ್ಟು ಅಗ್ಗದಲ್ಲಿ ಮುಗಿಸುವ ಈ ಕಲೆಯನ್ನು ನಾನು ನೌಕರಿಯುದ್ದಕ್ಕೂ ಬೇರೆ ಬೇರೆ ಕೈಬರಹಗಳಲ್ಲಿ ಓದಿದ್ದೇನೆ.

ಶಾಲೆಯ ವಿಷಯದಲ್ಲಂತೂ ಕಥೆ ರಂಜಕವಾಗಿದೆ. ಪ್ರತಿ ಪ್ಯಾರಿಷ್‌ನಲ್ಲೂ ಹೆರಿಟರ್‌ಗಳು ಶಾಲೆಗೊಂದು ಕಟ್ಟಡ ಒದಗಿಸಬೇಕು, ಮೇಷ್ಟ್ರಿಗೆ ವರ್ಷಕ್ಕೆ 100ರಿಂದ 200 ಮರ್ಕ್ ಸಂಬಳ ಕೊಡಬೇಕು ಎಂದು 1696ರ ಕಾಯ್ದೆ ವಿಧಿಸಿತು. ಅದರಲ್ಲಿ ಅರ್ಧವನ್ನು ಒಕ್ಕಲುಗಳಿಂದ ವಸೂಲು ಮಾಡಿಕೊಳ್ಳುವ ಅವಕಾಶವೂ ಇತ್ತು. 100 ಮರ್ಕ್ ಎಂದರೆ ಇಂಗ್ಲಿಷ್ ಹಣದಲ್ಲಿ ಐದು ಪೌಂಡ್ ಹನ್ನೊಂದು ಶಿಲಿಂಗ್ ಚಿಲ್ಲರೆ. ಈ ಮೊತ್ತ ನೂರು ವರ್ಷ ಅಲುಗಲಿಲ್ಲ. ಕೊನೆಗೆ 1803ರಲ್ಲಿ ಸಂಬಳ ಏರಿತು, ಮೇಷ್ಟ್ರಿಗೆ ಒಂದು ಮನೆಯೂ ಸಿಕ್ಕಿತು. ಆದರೆ ಅಡುಗೆಮನೆಯೂ ಸೇರಿ ಎರಡು ಕೋಣೆಗಿಂತ ಹೆಚ್ಚು ಕಟ್ಟಿಸಬೇಕಾಗಿಲ್ಲ ಎಂದು ಕಾಯ್ದೆಯಲ್ಲೇ ಬರೆದಿಟ್ಟರು. ಅಷ್ಟಕ್ಕೇ, ಮೇಷ್ಟ್ರುಗಳಿಗೆ ಅರಮನೆ ಕಟ್ಟಿಸಬೇಕಾಯಿತಲ್ಲ ಎಂದು ಲೇರ್ಡ್‌ಗಳು ಗೊಣಗಿದರಂತೆ. ಇದನ್ನು ದಾಖಲಿಸಿದವನು ನ್ಯಾಯಾಧೀಶ ಹೆನ್ರಿ ಕಾಕ್‌ಬರ್ನ್. ಅವನ ಹೆಸರಿನ ಬೀದಿ ನಿಲ್ದಾಣದ ಮಗ್ಗುಲಿಂದಲೇ ಏರಿಹೋಗುತ್ತದೆ. ಅಲ್ಲೇ ಚಹಾ ಕುಡಿದೆ.

ಸಂಜೆ ಜಾರ್ಜ್ ಬೀದಿಯಲ್ಲಿ ಸೇಂಟ್ ಆಂಡ್ರೂ ಚರ್ಚನ್ನು ಹೊರಗಿನಿಂದ ನೋಡಿದೆ. ಹಣ ಕೊಡುವವನು ಪಾದ್ರಿಯನ್ನೂ ಆರಿಸಬಹುದೇ ಎಂಬ ಜಗಳ ಒಡೆದದ್ದು ಇಲ್ಲಿ. ಪಾದ್ರಿಯನ್ನು ನೇಮಿಸುವ ಹಕ್ಕನ್ನು 1712ರಲ್ಲಿ ಪಾರ್ಲಿಮೆಂಟು ಮತ್ತೆ ಪೋಷಕರ ಕೈಗೆ ಕೊಟ್ಟಿತ್ತು. ಪೋಷಕನೆಂದರೆ ಹೆಚ್ಚಾಗಿ ಒಬ್ಬ ಜಮೀನ್ದಾರ, ಕೆಲವೆಡೆ ಸ್ವತಃ ದೊರೆ. ಸಭೆಗೆ ಬೇಡವಾದ ಪಾದ್ರಿ ಬಂದು ಕೂರುವುದನ್ನು ಜನ ತಲೆಮಾರುಗಟ್ಟಲೆ ನುಂಗಿಕೊಂಡರು. 1843ರ ಮೇ 18ರಂದು ಇದೇ ಚರ್ಚಿನಿಂದ ಪಾದ್ರಿಗಳು ಸಾಲಾಗಿ ಎದ್ದು ಹೊರನಡೆದರು. ಸುಮಾರು 1,200 ಪಾದ್ರಿಗಳಲ್ಲಿ 474 ಮಂದಿ ಮನೆ, ಉಂಬಳಿ, ಸಂಬಳ ಎಲ್ಲವನ್ನೂ ಬಿಟ್ಟು ಫ್ರೀ ಚರ್ಚ್ ಕಟ್ಟಿಕೊಂಡರು. ಒಂದು ಕುದುರೆ, ಎರಡು ಹಸುಗಳ ಹುಲ್ಲನ್ನೂ ಬಿಟ್ಟೇ ಹೋದರು.

ಮಂಗಳವಾರ, ಅಬರ್‌ಕಾರ್ನ್

ಬಸ್ಸಿನಲ್ಲಿ ಸೌತ್ ಕ್ವೀನ್ಸ್‌ಫೆರಿಗೆ. ಫೋರ್ತ್ ಕೊಲ್ಲಿಯ ಮೇಲೆ 1890, 1964, 2017ರ ಮೂರು ಸೇತುವೆಗಳು ಒಂದರ ಪಕ್ಕ ಒಂದು ನಿಂತಿವೆ. ಅಲ್ಲಿಂದ ಪಶ್ಚಿಮಕ್ಕೆ ಕಾಲ್ನಡಿಗೆ. ಅಬರ್‌ಕಾರ್ನ್ ಎಂಬುದು ಊರೆನ್ನುವಷ್ಟೂ ದೊಡ್ಡದಲ್ಲ, ಮರಗಳ ನಡುವೆ ಕೆಲವು ಮನೆ, ಒಂದು ಚರ್ಚು. ಜಾಗ ಮಾತ್ರ ಬಹಳ ಹಳೆಯದು. 681ರಲ್ಲಿ ಇಲ್ಲಿ ಒಬ್ಬ ಬಿಷಪ್ ನೆಲೆ ಮಾಡಿದ್ದ, ನಾಲ್ಕು ವರ್ಷಕ್ಕೆ ಯುದ್ಧದಲ್ಲಿ ತನ್ನವರು ಸೋತ ಸುದ್ದಿ ಕೇಳಿ ಓಡಿಹೋದ.

ಹೆರಿಟರ್ ಎಂದರೆ ಏನೆಂದು ಕಣ್ಣಿನಿಂದಲೇ ತಿಳಿಯಬೇಕಾದರೆ ಇಲ್ಲಿಗೆ ಬರಬೇಕು. ಮತಸುಧಾರಣೆಯ ನಂತರ ಚರ್ಚಿನೊಳಗೆ ಹೆಣ ಹೂಳುವುದನ್ನು ನಿಷೇಧಿಸಿದಾಗ, ಧಣಿಗಳು ಚರ್ಚಿನ ಗೋಡೆಗೆ ಹೊಂದಿಕೊಂಡಂತೆ ತಮ್ಮ ತಮ್ಮ ಪಾರ್ಶ್ವಗಳನ್ನು ಕಟ್ಟಿಸಿಕೊಂಡರು. ಕೆಳಗೆ ಸತ್ತವರಿಗೆ ಗೋರಿ, ಮೇಲೆ ಬದುಕಿರುವವರಿಗೆ ಆಸನ. ಈ ಪುಟ್ಟ ಚರ್ಚಿಗೆ ಡಡಿಂಗ್‌ಸ್ಟನ್‌ನವರದು 1603ರಲ್ಲಿ ಬಂತು, ಬಿನ್ಸ್‌ನ ಡಾಲ್ಯೆಲ್ ಮನೆತನದ್ದು 1618ರಲ್ಲಿ. ಅವರೆಲ್ಲರನ್ನೂ ಮೀರಿಸಿದ್ದು ಹೋಪ್‌ಟನ್ ಮನೆತನ. ಮೊದಲನೆಯ ಅರ್ಲ್‌ಗಾಗಿ ವಾಸ್ತುಶಿಲ್ಪಿ ಸರ್ ವಿಲಿಯಂ ಬ್ರೂಸ್ 1708ರ ಹೊತ್ತಿಗೆ ಪೂರ್ವದ ತುದಿಯಲ್ಲಿ, ಹಿಂದೆ ಬಲಿಪೀಠವಿದ್ದ ಭಾಗದಲ್ಲೇ, ಮನೆಯವರು ಕೂರಲು ಎತ್ತರದ ಒಂದು ಅಟ್ಟ ಕಟ್ಟಿಕೊಟ್ಟ.

ಕೆಳಗಿನ ಬೆಂಚಿನಲ್ಲಿ ಕುಳಿತು ನೋಡಿದೆ. ಕುತ್ತಿಗೆ ತಾನಾಗಿ ಮೇಲಕ್ಕೆ ಹೋಗುತ್ತದೆ. ಕಡುಬಣ್ಣದ ಮರದ ಮುಖಪಟ್ಟಿ, ಅದರ ನಡುವೆ ಬಣ್ಣ ಬಳಿದ ವಂಶಲಾಂಛನ, ಅಂಚಿನುದ್ದಕ್ಕೂ ಕುಸುರಿ ಕೆತ್ತನೆ. ಅದನ್ನು ಚರ್ಚಿನ ಆಸನ ಎನ್ನುವುದಕ್ಕಿಂತ ನಾಟಕಶಾಲೆಯ ರಾಜಮನೆತನದ ಕಟ್ಟೆ ಎನ್ನಬಹುದು. ಹಿಂದೆ ವಿಶ್ರಾಂತಿಯ ಕೋಣೆ: ಬೆಳಗಿನ ಪ್ರವಚನಕ್ಕೂ ಮಧ್ಯಾಹ್ನದ ಪ್ರವಚನಕ್ಕೂ ನಡುವೆ ಅರ್ಲ್ ಸಾಹೇಬರು ಊಟ ಮಾಡಿ ಕಾಲು ಚಾಚಲು. ಕೆಳಗಿನ ಒಕ್ಕಲುಗಳು ತಂದ ಬುತ್ತಿಯನ್ನು ಎಲ್ಲಿ ಬಿಚ್ಚುತ್ತಿದ್ದರೋ! ಮೊದಲೆಲ್ಲ ಜನರ ದೃಷ್ಟಿ ಹೋಗುತ್ತಿದ್ದ ಪೂರ್ವ ದಿಕ್ಕಿನಲ್ಲಿ ಈಗ ಧಣಿ ಕುಳಿತಿದ್ದಾನೆ ಎಂಬುದನ್ನು ಯಾರೂ ಅನುಚಿತ ಎಂದುಕೊಂಡಂತೆ ಕಾಣುವುದಿಲ್ಲ.

ಉಳಿದ ಜಾಗವೂ ಜಮೀನಿನ ಲೆಕ್ಕದಲ್ಲೇ ಹಂಚಿಕೆಯಾಗುತ್ತಿತ್ತು. ಚರ್ಚಿನ ನೆಲವನ್ನು ಹೆರಿಟರ್‌ಗಳು ತಮ್ಮ ಕಂದಾಯದ ಪ್ರಮಾಣಕ್ಕೆ ತಕ್ಕಂತೆ ಪಾಲು ಮಾಡಿಕೊಂಡು, ತಮ್ಮ ಪಾಲಿನ ಬೆಂಚುಗಳಲ್ಲಿ ತಮ್ಮ ಒಕ್ಕಲುಗಳನ್ನು ಕೂರಿಸುತ್ತಿದ್ದರು. ಹೀಗಾಗಿ ಭಾನುವಾರ ಚರ್ಚಿನೊಳಗೆ ನಿಂತು ಒಮ್ಮೆ ಸುತ್ತ ನೋಡಿದರೆ ಇಡೀ ಪ್ಯಾರಿಷ್‌ನ ಸರ್ವೆ ನಕ್ಷೆಯೇ ಎದುರಿಗೆ ಕುಳಿತಿರುತ್ತಿತ್ತು. ಈ ವ್ಯವಸ್ಥೆಯಲ್ಲಿ ನನಗೆ ಹಿಡಿಸಿದ ಒಂದು ನಿಯಮವೂ ಇದೆ. ಹೊಸ ಚರ್ಚು ಕಟ್ಟುವಾಗ ಪ್ಯಾರಿಷ್‌ನ ಹನ್ನೆರಡು ವರ್ಷ ಮೀರಿದವರಲ್ಲಿ ಮೂರನೆಯ ಎರಡು ಪಾಲು ಜನಕ್ಕೆ ಕೂರಲು ಜಾಗವಿರಲೇಬೇಕು.

ಹೋಪ್‌ಟನ್ ಮನೆತನದ ಹೆಸರು ನಮಗೂ ಹೊಸದಲ್ಲ. 1936ರಿಂದ 1943ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಲಿನ್‌ಲಿತ್‌ಗೋ ಹುಟ್ಟಿದ್ದು ಇಲ್ಲಿಗೆ ಸ್ವಲ್ಪವೇ ದೂರದ ಹೋಪ್‌ಟನ್ ಹೌಸ್‌ನಲ್ಲಿ. ಕ್ವಿಟ್ ಇಂಡಿಯಾ ಚಳವಳಿಯ ನಾಯಕರನ್ನೆಲ್ಲ ಜೈಲಿಗೆ ತಳ್ಳಿದ ಕಾಲದ ವೈಸರಾಯ್. ಮೇಲಿನ ಅಟ್ಟದಿಂದ ಕೆಳಗಿನವರನ್ನು ನೋಡುವುದು ಆ ಮನೆತನಕ್ಕೆ ಹೊಸ ಅಭ್ಯಾಸವೇನಲ್ಲ ಎಂದುಕೊಂಡು ಎದ್ದೆ.

ಬುಧವಾರ, ಇನ್ವರ್ನೆಸ್‌ಗೆ

ಇಡೀ ಬೆಳಗು ರೈಲಿನಲ್ಲಿ. ಪರ್ತ್, ಪಿಟ್ಲಾಕ್ರಿ, ಆಮೇಲೆ ಬೋಳು ಗುಡ್ಡಗಳ ಡ್ರಮಾಕ್ಟರ್ ಕಣಿವೆ. ಮೊಬೈಲಿನಲ್ಲಿ ಸರ್ ಜಾನ್ ಸಿಂಕ್ಲೇರ್ ಸಂಪಾದಿಸಿದ ಹಳೆಯ ಅಂಕಿಅಂಶ ವರದಿ ಓದಿದೆ. ಕೇತ್‌ನೆಸ್‌ನ ಈ ಜಮೀನ್ದಾರ ದೇಶದ ಒಬ್ಬೊಬ್ಬ ಪಾದ್ರಿಗೂ ಪ್ರಶ್ನಾವಳಿ ಕಳಿಸಿ, ಪೀಡಿಸಿ, 938 ಪ್ಯಾರಿಷ್‌ಗಳ ವಿವರಗಳನ್ನು 1791ರಿಂದ 1799ರ ನಡುವೆ 21 ಸಂಪುಟಗಳಲ್ಲಿ ಹೊರತಂದ. ಹೆರಿಟರ್‌ಗಳು ಎಷ್ಟು ಜನ, ಅವರಲ್ಲಿ ಊರಲ್ಲೇ ಇರುವವರೆಷ್ಟು, ಪರಸ್ಥಳದವರೆಷ್ಟು ಎಂದು ಪಾದ್ರಿಗಳು ಬರೆದಿದ್ದಾರೆ. ಮೇಷ್ಟ್ರ ಸಂಬಳ ಸಾಲದೆಂಬ ಕೊರಗು ಮತ್ತೆ ಮತ್ತೆ ಬರುತ್ತದೆ. ಧಣಿಗಳ ಬಗ್ಗೆ ಮಾತ್ರ ಬರಹ ಬಹಳ ನಯ. ಸಂಬಳ ಕೊಡುವವನ ಬಗ್ಗೆ ಸಂಬಳ ಪಡೆಯುವವನು ಬರೆದದ್ದನ್ನು ಸ್ವಲ್ಪ ಉಪ್ಪು ಹಾಕಿಯೇ ಓದಬೇಕು.

ನಿಲ್ದಾಣದಲ್ಲಿ ಅಕ್ಕನ ಮಗ ಕಾದಿದ್ದ. ಅವನಿಗೆ ಇಲ್ಲೇ ನೌಕರಿ. ರಾತ್ರಿ ಊಟಕ್ಕೆ ಅನ್ನ, ತಿಳಿಸಾರು.

ಗುರುವಾರ, ಕ್ರೊಮಾರ್ಟಿ

ಬ್ಲ್ಯಾಕ್ ಐಲ್ ಎಂಬ ಹೆಸರಿದ್ದರೂ ಅದು ದ್ವೀಪವಲ್ಲ, ಕಪ್ಪೂ ಅಲ್ಲ. ಅದರ ತುದಿಯ ಕ್ರೊಮಾರ್ಟಿ, ನಾನು ಈ ದೇಶದಲ್ಲಿ ನೋಡಿದ ಊರುಗಳಲ್ಲೆಲ್ಲ ಮನಸ್ಸಿಗೆ ಹತ್ತಿರವಾದದ್ದು. ಈ ಊರಿನ ಈಗಿನ ರೂಪದಲ್ಲಿ ಬಹುಪಾಲು ಒಬ್ಬನೇ ಜಮೀನ್ದಾರನ ಕೈಕೆಲಸ. ಸೈನ್ಯದ ಗುತ್ತಿಗೆ, ಏಜೆನ್ಸಿಗಳಲ್ಲಿ ಲಂಡನ್ನಿನಲ್ಲಿ ದುಡ್ಡು ಮಾಡಿದ ಜಾರ್ಜ್ ರಾಸ್ 1770ರ ಸುಮಾರಿಗೆ ಈ ಎಸ್ಟೇಟ್ ಕೊಂಡ. ಬಂದರು, ಸೆಣಬಿನ ಕಾರ್ಖಾನೆ, ಬಿಯರ್ ತಯಾರಿಸುವ ಭಟ್ಟಿ, ನ್ಯಾಯಾಲಯ ಎಲ್ಲವನ್ನೂ ಕಟ್ಟಿಸಿದ. ಕೆಲಸಕ್ಕೆ ಬಂದ ಇಲ್ಲಿನ ಮಲೆನಾಡಿನವರಿಗೆ, ಅಂದರೆ ಹೈಲ್ಯಾಂಡ್ ಸೀಮೆಯವರಿಗೆ, ಗೇಲಿಕ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲವೆಂದು ಅವರಿಗಾಗಿಯೇ ಒಂದು ಗೇಲಿಕ್ ಪ್ರಾರ್ಥನಾಮಂದಿರ ಕಟ್ಟಿಸಿದ. ಅದರ ಮುರಿದ ಗೋಡೆಗಳು ಗುಡ್ಡದ ಮೇಲೆ ಈಗಲೂ ಇವೆ. ಇಷ್ಟೆಲ್ಲ ಮಾಡಿದ ಪುಣ್ಯಾತ್ಮ ಹಳೆಯ ಕೋಟೆ ಕೆಡವಿ ಬಂಗಲೆ ಕಟ್ಟಿಸುವಾಗ, ಆಳುಗಳು ಓಡಾಡುವುದು ಕಣ್ಣಿಗೆ ಬೀಳಬಾರದೆಂದು ಅವರಿಗೆ ನೆಲದಡಿಯಲ್ಲಿ ಸುರಂಗ ತೋಡಿಸಿದ.

ಪೂರ್ವದ ಚರ್ಚು ಈಗ ಪೂಜೆಗಿಲ್ಲ, ಒಂದು ಟ್ರಸ್ಟ್ ನೋಡಿಕೊಳ್ಳುತ್ತದೆ. ಒಳಗೆ ಮೂರು ಅಟ್ಟಗಳು. 1756ರಲ್ಲಿ ಮಾಡಿಸಿದ ಲೇರ್ಡ್‌ನ ಅಟ್ಟಕ್ಕೆ ಕಂಬಗಳ ಆಸರೆ, ಅಲಂಕಾರ. ವಿದ್ಯಾರ್ಥಿಗಳಿಗೊಂದು ಅಟ್ಟ. ಇನ್ನೊಂದು ಬಡವರ ಅಟ್ಟ. ಮೂರರ ಬಾಯಿಯೂ ಒಂದೇ ಕಡೆಗೆ, ಉಪದೇಶಪೀಠದ ಕಡೆಗೆ. ನಾನು ಬಡವರ ಅಟ್ಟದ ಅಂಚಿಗೆ ಹೋಗಿ ನಿಂತೆ. ಹಲಗೆಗಳು ಸವೆದು ನಯವಾಗಿವೆ. ಅಲ್ಲಿಂದ ಪಾದ್ರಿಯೂ ಕಾಣುತ್ತಾನೆ, ಲೇರ್ಡ್‌ನೂ ಕಾಣುತ್ತಾನೆ; ಲೇರ್ಡ್‌ಗೂ ಇವರು ಕಾಣುತ್ತಿದ್ದರು. ಪಟ್ಟಿಯಲ್ಲಿರುವವನು ನಿಜಕ್ಕೂ ಬಡವನೇ ಎಂದು ಪರೀಕ್ಷಿಸಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.

ಬಡವರಿಗೆ ಹಣ ಬರುತ್ತಿದ್ದುದು ಮೊದಲಿಗೆ ಧಣಿಯ ಜೇಬಿನಿಂದಲ್ಲ. ಚರ್ಚಿನ ಬಾಗಿಲಲ್ಲಿ ಇಟ್ಟ ಕಾಣಿಕೆಯ ತಟ್ಟೆ, ನಡತೆಗೆಟ್ಟವರಿಗೆ ಹಿರಿಯರ ಸಭೆ ಹಾಕಿದ ದಂಡ, ಶವಪೆಟ್ಟಿಗೆಯ ಮೇಲೆ ಹೊದಿಸುವ ಕರಿಯ ವಸ್ತ್ರದ ಬಾಡಿಗೆ. ಸಾವಿಗೂ ಬಾಡಿಗೆ ಇತ್ತು, ಒಳ್ಳೆಯ ವಸ್ತ್ರಕ್ಕೆ ಹೆಚ್ಚು ದರ. ತಟ್ಟೆಗೆ ಸವಕಲು ತಾಮ್ರದ ಕಾಸು, ಚಲಾವಣೆಯಿಲ್ಲದ ನಾಣ್ಯಗಳೂ ಬೀಳುತ್ತಿದ್ದವು. ಅವನ್ನು ಹಿರಿಯರು ತೂಕಕ್ಕೆ ಮಾರುತ್ತಿದ್ದರು. ಇದೆಲ್ಲ ಸಾಲದಾದಾಗ, ಬರಗಾಲದಲ್ಲಿ ಮುಖ್ಯವಾಗಿ, ಹೆರಿಟರ್‌ಗಳು ತಮ್ಮ ಮೇಲೆ ತಾವೇ ವಂತಿಗೆ ಹಾಕಿಕೊಳ್ಳುತ್ತಿದ್ದರು. ಕಾನೂನುಬದ್ಧ ತೆರಿಗೆಯನ್ನೇ ಹಾಕಿದರೆ ಅರ್ಧ ಅವರದು, ಅರ್ಧ ಉಳಿದ ನಿವಾಸಿಗಳದು. ಒಮ್ಮೆ ತೆರಿಗೆಯಾದರೆ ಖಾಯಂ ಆಗಿಬಿಡುತ್ತದೆಂಬ ಭಯದಿಂದ ಅದನ್ನು ಆದಷ್ಟು ಮುಂದಕ್ಕೆ ತಳ್ಳುತ್ತಿದ್ದರು. ಆ ಭಯ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಚರ್ಚಿನಿಂದ ಕೆಲವು ಹೆಜ್ಜೆ ದೂರದ ಹುಲ್ಲುಮಾಡಿನ ಮನೆಯಲ್ಲಿ 1802ರಲ್ಲಿ ಹ್ಯೂ ಮಿಲ್ಲರ್ ಹುಟ್ಟಿದ. ಹೆರಿಟರ್‌ಗಳ ದುಡ್ಡಿನಿಂದ ನಡೆಯುತ್ತಿದ್ದ ಇಲ್ಲಿನ ಪ್ಯಾರಿಷ್ ಶಾಲೆಯಲ್ಲೇ ಕಲಿತ. ಶಾಲೆಯಲ್ಲಿ ವರ್ಷಕ್ಕೊಮ್ಮೆ ಕೋಳಿ ಅಂಕ ನಡೆಯುತ್ತಿತ್ತು, ಅದಕ್ಕೆ ಹುಡುಗರು ಮೇಷ್ಟ್ರಿಗೆ ಕಾಸು ತೆರಬೇಕಿತ್ತು ಎಂದು ಅವನೇ ಬರೆದಿದ್ದಾನೆ. ಸಂಬಳ ಸಾಲದ ಮೇಷ್ಟ್ರು ಇನ್ನೇನು ಮಾಡಬೇಕು? ಕೊನೆಗೆ ಒಂದು ಕಾಗುಣಿತದ ವಿಷಯಕ್ಕೆ ಮೇಷ್ಟ್ರಿಗೂ ಅವನಿಗೂ ಕೈಕೈ ಮಿಲಾಯಿಸಿ ಶಾಲೆ ಮುಗಿಯಿತು. ಕಲ್ಲುಕುಟಿಗನಾದ, ಬಂಡೆಯೊಳಗಿನ ಮೀನಿನ ಪಳೆಯುಳಿಕೆಗಳನ್ನು ಓದಿದ ಭೂವಿಜ್ಞಾನಿಯಾದ, 1840ರಿಂದ 'ವಿಟ್ನೆಸ್' ಪತ್ರಿಕೆಯ ಸಂಪಾದಕನಾಗಿ ಪಾದ್ರಿಯನ್ನು ಧಣಿ ನೇಮಿಸುವ ಪದ್ಧತಿಯ ವಿರುದ್ಧವೇ ಕಿಡಿ ಕಾರಿದ. ಧಣಿಗಳು ಮೇಷ್ಟ್ರ ಆ ಚಿಲ್ಲರೆ ಸಂಬಳಕ್ಕೆ ಏನನ್ನು ಸಾಕುತ್ತಿದ್ದೇವೆಂದು ತಿಳಿದಿರಲಿಕ್ಕಿಲ್ಲ.

ಶುಕ್ರವಾರ, ಫೈರಿಶ್ ಗುಡ್ಡ

ಅಕ್ಕನ ಮಗ ರಜೆ ಹಾಕಿದ್ದ. ಆಲ್ನೆಸ್ ಊರಿನ ಮೇಲಿನ ಈ ಗುಡ್ಡ 453 ಮೀಟರ್. ದಾರಿ ಮೊದಲಿಗೆ ಕಡಿದು, ಆಮೇಲೆ ಸರಾಗ. ನೆತ್ತಿಯ ಮೇಲೆ ಕಮಾನುಗಳ ಒಂದು ಕಲ್ಲಿನ ಕಟ್ಟಡ, ಛಾವಣಿಯಿಲ್ಲ, ಉಪಯೋಗವೂ ಇಲ್ಲ. ಕೆಳಗೆ ಕ್ರೊಮಾರ್ಟಿ ಕೊಲ್ಲಿಯಲ್ಲಿ ಕೆಲಸವಿಲ್ಲದ ತೈಲಬಾವಿಯ ರಿಗ್‌ಗಳು ಲಂಗರು ಹಾಕಿ ನಿಂತಿದ್ದವು.

"ಮಾವ, ಇದು ನೋಡಿದರೆ ನಮ್ಮ ಕಡೆಯ ಕೋಟೆಬಾಗಿಲಿನ ಹಾಗಿದೆಯಲ್ಲ," ಎಂದ.

ಹಾಗಿರಬೇಕಾದದ್ದೇ. 1781ರಲ್ಲಿ ಡಚ್ಚರಿಂದ ತಾನು ಗೆದ್ದ ನಾಗಪಟ್ಟಣದ ಬಾಗಿಲಿನ ಮಾದರಿಯಲ್ಲಿ ಇದನ್ನು ಕಟ್ಟಿಸಿದವನು ನೊವಾರ್‌ನ ಜಮೀನ್ದಾರ ಸರ್ ಹೆಕ್ಟರ್ ಮನ್ರೋ. 1764ರ ಬಕ್ಸಾರ್ ಯುದ್ಧದ ವೀರ, ಅದೇ ವರ್ಷ ದಂಗೆಯೆದ್ದ ಸಿಪಾಯಿಗಳನ್ನು ತೋಪಿನ ಬಾಯಿಗೆ ಕಟ್ಟಿ ಉಡಾಯಿಸಿದವನು. ಆದರೆ ಅವನ ಗ್ರಹಚಾರ ಕೆಟ್ಟದ್ದು ನಮ್ಮವರ ಕೈಯಲ್ಲಿ. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಬ್ರಿಟಿಷ್ ಕರ್ನಲ್ ಬೇಯ್ಲಿಯ ಪಡೆಯನ್ನು ನುಚ್ಚುನೂರು ಮಾಡುವಾಗ ಮನ್ರೋ ಕಾಂಚೀಪುರದಲ್ಲೇ ಇದ್ದ, ನೆರವಿಗೆ ಮುಟ್ಟಲಿಲ್ಲ. ಭಾರದ ತೋಪುಗಳನ್ನು ಕೆರೆಗೆ ತಳ್ಳಿ ಮದ್ರಾಸಿಗೆ ಹಿಮ್ಮೆಟ್ಟಿದ. ಆ ಯುದ್ಧದ ಚಿತ್ರ ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲಿದೆ. 1792ರಲ್ಲಿ ಮನ್ರೋನ ಮಗನನ್ನು ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಕೊಂದಿತು. ಟಿಪ್ಪುವಿನ ಯಂತ್ರದ ಹುಲಿಗೆ ಪ್ರೇರಣೆ ಆ ಸಾವೇ ಎಂಬ ಮಾತಿದೆ.

ಈ ಕಮಾನನ್ನು ಕಟ್ಟಿಸಿದ ಕಾರಣ, ಕಷ್ಟಕಾಲದಲ್ಲಿ ತನ್ನ ಜನಕ್ಕೆ ಕೂಲಿ ಕೊಡುವುದು. ಕೆಲಸದ ದಿನಗಳು ಹೆಚ್ಚಲೆಂದು ಹತ್ತಿಸಿದ ಕಲ್ಲುಗಳನ್ನು ಅವನೇ ಮತ್ತೆ ಕೆಳಕ್ಕುರುಳಿಸಿದ ಎಂಬ ಕಥೆಯೂ ಚಾಲ್ತಿಯಲ್ಲಿದೆ. "ಒಳ್ಳೆಯ ಕೆಲಸವೇ ಅಲ್ಲವೇ ಮಾವ?" ಎಂದ ಅಕ್ಕನ ಮಗ. ಒಳ್ಳೆಯದೇ, ಆ ಕೂಲಿಯಿಂದ ಒಲೆ ಉರಿದಿದ್ದರೆ. ಆದರೆ ಇದೇ ಮನ್ರೋನ ಕಿಲ್ಡರ್ಮೋರಿ ಜಮೀನಿನಲ್ಲಿ ಹೊರಗಿನಿಂದ ಬಂದ ಕುರಿ ಸಾಕಣೆದಾರರು ಹುಲ್ಲುಗಾವಲು ಹಿಡಿದರು. ಇದೇ 1792ರಲ್ಲಿ ರಾಸ್ ಸೀಮೆಯ ಜನ ಒಗ್ಗೂಡಿ ಸಾವಿರಾರು ಕುರಿಗಳನ್ನು ಸೀಮೆಯಾಚೆ ಅಟ್ಟಿಕೊಂಡು ಹೊರಟಾಗ ಸೈನಿಕರೊಡನೆ ಅಡ್ಡ ಬಂದವನೂ ಮನ್ರೋನೇ. ಗೇಲಿಕ್ ಮಾತಿನವರು ಅದನ್ನು ಕುರಿಗಳ ವರ್ಷವೆಂದೇ ನೆನೆಯುತ್ತಾರೆ. ನನ್ನನ್ನು ಕೇಳಿದರೆ ಕೃಪೆಯಿಂದ ಬಂದ ಈ ಕಮಾನಿಗಿಂತ, ಗೊಣಗಿಕೊಂಡು ಕೊಟ್ಟ ಮೇಷ್ಟ್ರ ಎರಡು ಕೋಣೆಯ ಮನೆಯೇ ಮೇಲು. ಅದನ್ನು ಬಾಕಿ ಉಳಿಸಿದರೆ ಕೇಳಲು ಒಂದು ಕಾನೂನಿತ್ತು.

ಶನಿವಾರ, ಕ್ರೋಯ್ಕ್

ಆರ್ಡ್‌ಗೇ ಊರಿನಿಂದ ಹತ್ತು ಮೈಲಿ ಒಳಗೆ, ಒಂದೇ ಕಾರು ಹಿಡಿಸುವ ರಸ್ತೆ, ಪಕ್ಕದಲ್ಲಿ ಕ್ಯಾರನ್ ಹೊಳೆ. ಮಲೆನಾಡಿನ ಪ್ಯಾರಿಷ್‌ಗಳು ತೀರ ವಿಸ್ತಾರವಾಗಿದ್ದರಿಂದ ಸರ್ಕಾರವೇ ದುಡ್ಡು ಕೊಟ್ಟು ಥಾಮಸ್ ಟೆಲ್‌ಫೋರ್ಡ್‌ನ ಉಸ್ತುವಾರಿಯಲ್ಲಿ ಒಂದೇ ನಮೂನೆಯ ಮೂವತ್ತಕ್ಕೂ ಹೆಚ್ಚು ಚರ್ಚುಗಳನ್ನು ಕಟ್ಟಿಸಿತು. 1827ರ ಕ್ರೋಯ್ಕ್ ಚರ್ಚು ಅವುಗಳಲ್ಲಿ ಒಂದು. ಒಳಗೆ ನಡುವಿನಲ್ಲಿ ಉದ್ದನೆಯ ಪ್ರಭುಭೋಜನದ ಮೇಜು, ಎರಡೂ ಬದಿ ಬೆಂಚು.

ಜನ ಬರುವುದು ಪೂರ್ವದ ಕಿಟಕಿ ನೋಡಲು. ಹೊರಗೆ ನಿಂತು, ಬೆಳಕು ಓರೆಯಾಗಿ ಬೀಳುವಂತೆ ತಲೆ ವಾಲಿಸಿದರೆ ವಜ್ರಾಕಾರದ ಸಣ್ಣ ಗಾಜುಗಳ ಮೇಲೆ ಕೂದಲೆಳೆಯಷ್ಟು ತೆಳುವಾಗಿ ಗೀಚಿದ ಅಕ್ಷರಗಳು ಏಳುತ್ತವೆ. ಗ್ಲೆನ್‌ಕ್ಯಾಲ್ವಿಯ ಜನ ಇಲ್ಲಿದ್ದರು, 1845 ಮೇ 24. ಇನ್ನೊಂದರಲ್ಲಿ: ಗ್ಲೆನ್‌ಕ್ಯಾಲ್ವಿಯ ಜನ, ದುಷ್ಟ ಪೀಳಿಗೆ.

ಪಕ್ಕದ ಗ್ಲೆನ್‌ಕ್ಯಾಲ್ವಿ ಕಣಿವೆ ಕಿಂಡೀಸ್‌ನ ರಾಬರ್ಟ್‌ಸನ್ ಮನೆತನದ್ದು. ಒಕ್ಕಲೆಬ್ಬಿಸಿದವನು ಪಾರುಪತ್ಯಗಾರ ಜೇಮ್ಸ್ ಗಿಲ್ಯಾಂಡರ್ಸ್. ಕುರಿಗೆ ಜಾಗ ಬೇಕಿತ್ತು. ಎಂಬತ್ತಕ್ಕೂ ಹೆಚ್ಚು ಜನ, ಕೈಗೂಸುಗಳ ಸಮೇತ, ಈ ಸ್ಮಶಾನದಲ್ಲಿ ಬಟ್ಟೆಯ ಡೇರೆ ಕಟ್ಟಿಕೊಂಡು ಕುಳಿತರು. ಲಂಡನ್ನಿನ 'ಟೈಮ್ಸ್' ಪತ್ರಿಕೆಯ ವರದಿಗಾರ ಬಂದು ನೋಡಿ ಬರೆದ. ತಮ್ಮ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆಯೆಂದೇ ಅವರು ನಂಬಿದ್ದರೆಂದು ಆ ಗೀಚು ಹೇಳುತ್ತದೆ. ಗಿಲ್ಯಾಂಡರ್ಸ್‌ನ ಹೆಸರನ್ನೂ ಎತ್ತದೆ ತಮ್ಮನ್ನೇ ದುಷ್ಟರೆಂದುಕೊಂಡರು. ಬರೆದದ್ದು ಮನೆಮಾತಾದ ಗೇಲಿಕ್‌ನಲ್ಲಲ್ಲ, ಇಂಗ್ಲಿಷಿನಲ್ಲಿ. ಪ್ಯಾರಿಷ್ ಶಾಲೆಯೋ, ಧರ್ಮಪ್ರಚಾರಕರ ಶಾಲೆಯೋ, ಎಲ್ಲೋ ಕಲಿತ ಅಕ್ಷರ.

ಸೋಮವಾರದ ಕಡತಗಳೆಲ್ಲ ನೆನಪಾಗಿ ಅಲ್ಲೇ ಲೆಕ್ಕ ಹಾಕಿದೆ. ಹೆರಿಟರ್ ಪಾದ್ರಿಗೆ ಎರಡು ಹಸುವಿನ ಹುಲ್ಲು ಕೊಡಬೇಕು, ಕೊಡದಿದ್ದರೆ ತಪ್ಪು. ಮೂರನೆಯ ಎರಡು ಪಾಲು ಜನಕ್ಕೆ ಬೆಂಚು ಕೊಡಬೇಕು, ಕೊಡದಿದ್ದರೆ ತಪ್ಪು. ಆ ಜನವನ್ನೇ ಕಣಿವೆಯಿಂದ ಎತ್ತಿ ಹಾಕಿದರೆ ತಪ್ಪಿಲ್ಲ. ಜನ ಕಡಿಮೆಯಾದರೆ ಬೆಂಚೂ ಕಡಿಮೆ ಸಾಕು! ಅದೇ 1845ರ ಆಗಸ್ಟಿನಲ್ಲಿ ಹೊಸ ಬಡವರ ಕಾಯ್ದೆ ಬಂದು ಪರಿಹಾರದ ಹೊಣೆ ಪ್ಯಾರಿಷ್ ಮಂಡಳಿಗಳಿಗೆ ಹೋಯಿತು. ಗ್ಲೆನ್‌ಕ್ಯಾಲ್ವಿಯವರು ಅಷ್ಟು ಹೊತ್ತಿಗೆ ಚದುರಿಹೋಗಿದ್ದರು.

"ಈಗ ಇದರ ಮಾಡು ಸೋರಿದರೆ ಯಾರು ಕೊಡಬೇಕು ಮಾವ?" ಅಕ್ಕನ ಮಗ ಛಾವಣಿ ನೋಡುತ್ತಿದ್ದ.

ಶಾಲೆ 1872ರಲ್ಲಿ ಧಣಿಗಳ ಕೈ ಬಿಟ್ಟಿತು, ಪಾದ್ರಿಯ ನೇಮಕದ ಹಕ್ಕು 1874ರಲ್ಲಿ ಹೋಯಿತು, ಚರ್ಚು ಮತ್ತು ಪಾದ್ರಿಯ ಮನೆಯ ಹೊಣೆಯಿಂದಲೂ 1925ರ ಕಾಯ್ದೆ ಅವರಿಗೆ ಬಿಡುಗಡೆ ಕೊಟ್ಟಿತು ಎಂದೆ. ಬಿಡುವ ಮುನ್ನ ಕಟ್ಟಡ ಸರಿಪಡಿಸಿ ಒಪ್ಪಿಸಬೇಕಿತ್ತು, ಅಷ್ಟೆ.

"ಹಾಗಾದರೆ ನಾವೇ," ಎಂದು ಬಾಗಿಲ ಬಳಿಯ ಡಬ್ಬಿಗೆ ಹತ್ತು ಪೌಂಡಿನ ನೋಟು ತುರುಕಿದ. ನಾನು ಐದರದು ಹಾಕಿದೆ. ಅವನು ನನ್ನ ಮುಖ ನೋಡಿದ. ಪಿಂಚಣಿದಾರನ ಕಂದಾಯ ಇಷ್ಟೇ ಎಂದು ಹೇಳಿ ಕಾರು ಹತ್ತಿದೆ. ಆರ್ಡ್‌ಗೇಯ ಅಂಗಡಿ ಮುಚ್ಚುವ ಮೊದಲು ಚಹಾ ಸಿಗಬೇಕಿತ್ತು.